ಎಲ್ಲಿ ನಿಂತು ಕಂಡದ್ದು?

ಚೆನ್ನೈ ಹೈಕೋರ್ಟಿನ ಪೂರ್ವ ದಿಕ್ಕಿನ ಕಾಂಪೌಂಡ್ ಗೋಡೆಯಲ್ಲಿ ಒಂದು ಪುಟ್ಟ ಫಲಕವಿದೆ. ಕರಿ ಕೋಟಿನ ವಕೀಲರು, ಕಡತ ಹಿಡಿದ ಕಕ್ಷಿದಾರರು, ಜೆರಾಕ್ಸ್ ಅಂಗಡಿಗೆ ಓಡುವ ಗುಮಾಸ್ತರು ದಿನವೂ ಅದರ ಆಸುಪಾಸಿನಲ್ಲೇ ಹಾದು ಹೋಗುತ್ತಾರೆ. ನಿಂತು ಓದಿದವರನ್ನು ನಾನಂತೂ ಕಾಣಲಿಲ್ಲ. 1914ರ ಸೆಪ್ಟೆಂಬರ್ 22ರಂದು ಜರ್ಮನಿಯ ‘ಎಂಡೆನ್’ ಎಂಬ ಯುದ್ಧನೌಕೆ ಸಿಡಿಸಿದ ಗುಂಡಿನಿಂದ ಗೋಡೆ ಇಲ್ಲಿ ಜಖಂಗೊಂಡಿತ್ತು ಎಂಬುದಷ್ಟೇ ಅದರ ಸಾರಾಂಶ.

ಆ ರಾತ್ರಿ ಒಂಬತ್ತರ ಮೇಲೆ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯೂಲರ್ ತನ್ನ ಹಡಗನ್ನು ಮದ್ರಾಸ್ ಬಂದರಿನ ಎರಡು ಮೂರು ಕಿಲೋಮೀಟರ್ ಹತ್ತಿರಕ್ಕೆ ತಂದ. ಊರಿನಲ್ಲಿ ದೀಪಗಳು ಉರಿಯುತ್ತಿದ್ದವು. ಯುದ್ಧ ಯುರೋಪಿನಲ್ಲಿದೆ, ನಮಗೇನು ಎಂಬ ನೆಮ್ಮದಿ. ಅರ್ಧ ಗಂಟೆಯೊಳಗೆ ಸುಮಾರು 130 ಗುಂಡುಗಳು ಬಂದು ಬಿದ್ದವು. ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳು ಹೊತ್ತಿಕೊಂಡು ಕಡಲ ತೀರವೆಲ್ಲ ಬೆಳಕಾಯಿತು. ದಡದ ಫಿರಂಗಿಗಳು ಎದ್ದು ಉತ್ತರ ಕೊಡುವ ಹೊತ್ತಿಗೆ ಹಡಗು ಕತ್ತಲೆಗೆ ಸರಿದಿತ್ತು. ಮಾರನೆಯ ದಿನದಿಂದ ಸಾವಿರಾರು ಜನ ಊರು ಬಿಟ್ಟರು. ತಮಿಳಿನಲ್ಲಿ ‘ಎಮ್ಡನ್’ ಎಂಬ ಮಾತು ಹುಟ್ಟಿಕೊಂಡದ್ದು ಆಗಲೇ. ಎದುರು ನಿಲ್ಲಲಾಗದ ಗಟ್ಟಿಗನನ್ನು, ಮನೆಯಲ್ಲಿ ಎಲ್ಲರನ್ನೂ ನಡುಗಿಸುವ ಅಪ್ಪನನ್ನು ಈಗಲೂ ಹಾಗೆನ್ನುತ್ತಾರೆ.

ಮದ್ರಾಸಿನ ಪತ್ರಕರ್ತರಿಗೆ ಯುದ್ಧ ನೋಡಲು ಎಲ್ಲಿಗೂ ಹೋಗಬೇಕಾಗಿ ಬಾರದ ರಾತ್ರಿ ಅದು. ಮೌಂಟ್ ರೋಡಿನಲ್ಲಿದ್ದ ‘ದಿ ಹಿಂದೂ’ ಕಚೇರಿಯಿಂದ ಬಂದರು ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಮಿಕ್ಕಂತೆ ಯುದ್ಧ ಯಾವತ್ತೂ ಬೇರೆಲ್ಲೋ ನಡೆಯುತ್ತದೆ. ಓದುಗ ಕಾಫಿ ಲೋಟ ಹಿಡಿದು ಇಲ್ಲಿ ಕೂತಿರುತ್ತಾನೆ. ಇವರಿಬ್ಬರ ನಡುವೆ ಒಬ್ಬ ಮನುಷ್ಯ ಹೋಗಿಬರಬೇಕು. ಅವನು ಹೋಗಿದ್ದನೋ ಇಲ್ಲವೋ, ಹೋದರೆ ಯಾರ ಜೀಪಿನಲ್ಲಿ ಹೋದ, ಎಲ್ಲಿ ನಿಂತು ಏನು ಕಂಡ, ಯಾವುದನ್ನು ಕಾಣಗೊಡಲಿಲ್ಲ, ಕಂಡದ್ದರಲ್ಲಿ ಎಷ್ಟು ಬರೆಯಗೊಟ್ಟರು, ಇಷ್ಟೂ ಪ್ರಶ್ನೆಗಳ ಉತ್ತರ ವರದಿಯ ತಲೆಯ ಮೇಲಿರುವ ಎರಡು ಪದಗಳಲ್ಲಿ ಅಡಗಿರುತ್ತದೆ. ಪತ್ರಿಕಾ ಕಚೇರಿಯಲ್ಲಿ ಅದಕ್ಕೆ ‘ಡೇಟ್‌ಲೈನ್’ ಅನ್ನುತ್ತಾರೆ: ಊರಿನ ಹೆಸರು, ತಾರೀಖು. ಓದುವಾಗ ನಾವು ದಾಟಿಕೊಂಡು ಹೋಗುವ ಮೊದಲ ಸಾಲು ಅದು. ಯುದ್ಧದ ಸುದ್ದಿಯಲ್ಲಿ ಅದೇ ಮುಖ್ಯ ಸಾಲು ಎಂಬುದು ನನ್ನ ಅಭಿಪ್ರಾಯ. ಚೆನ್ನೈ ಪತ್ರಿಕೆಗಳ ಯುದ್ಧದ ಕಥೆಯನ್ನು ಆ ಸಾಲಿನಿಂದಲೇ ಓದಬಹುದು.

ಈ ಕಥೆಯ ಮೊದಲ ಅಧ್ಯಾಯ ಕನ್ನಡಿಗರಿಗೆ ತೀರ ಹತ್ತಿರದ್ದು. 1799ರಲ್ಲಿ ಟಿಪ್ಪು ಸುಲ್ತಾನನ ಮೇಲಿನ ಕೊನೆಯ ಯುದ್ಧವನ್ನು ಹತ್ತಿರದಿಂದ ನಡೆಸಲೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತೆ ಬಿಟ್ಟು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಗೆ ಬಂದು ಕೂತಿದ್ದ. ಆ ಹೊತ್ತಿನಲ್ಲೇ ಕಲ್ಕತ್ತೆಯ ಒಂದು ಪತ್ರಿಕೆ ಈ ದೇಶದಲ್ಲಿ ಯುರೋಪಿಯನ್ನರೆಷ್ಟು, ದೇಶೀಯರೆಷ್ಟು ಎಂದು ಲೆಕ್ಕ ಹಾಕಿ ಬರೆಯಿತು. ವೆಲ್ಲೆಸ್ಲಿ ಕೆಂಡವಾದ. ಸಂಪಾದಕರ ಕುಲಕ್ಕೇ ಶೀಘ್ರದಲ್ಲಿ ನಿಯಮ ಮಾಡುತ್ತೇನೆ, ಅಷ್ಟರೊಳಗೆ ಬಗ್ಗದಿದ್ದರೆ ಪತ್ರಿಕೆ ಮುಚ್ಚಿಸಿ ಅವರನ್ನು ಹಡಗು ಹತ್ತಿಸಿ ಎಂಬರ್ಥದ ಪತ್ರ ಮದ್ರಾಸಿನಿಂದ ಕಲ್ಕತ್ತೆಗೆ ಹೋಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದೇ ತಿಂಗಳು ಕಲ್ಕತ್ತೆಯಲ್ಲಿ, ಅಚ್ಚಿಗೆ ಮುನ್ನ ಸರ್ಕಾರಕ್ಕೆ ತೋರಿಸದ ಯಾವ ಪತ್ರಿಕೆಯೂ ಹೊರಬರಕೂಡದೆಂಬ ನಿಯಮ ಜಾರಿಗೆ ಬಂತು. ಈ ದೇಶದ ಯುದ್ಧಕಾಲದ ಸೆನ್ಸಾರ್‌ಗೂ ಕಾವೇರಿ ದಡದ ಆ ಕೋಟೆಗೂ ಇಂಥ ನಂಟಿದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ.

ಸೈನ್ಯದ ಜೊತೆಗೇ ಡೇರೆ ಹಾಕಿಕೊಂಡು ಬರೆಯುವ ವರದಿಗಾರ ಎಂಬ ಜಾತಿ ಹುಟ್ಟಿದ್ದು ಅದಾದ ಅರ್ಧ ಶತಮಾನಕ್ಕೆ. ಲಂಡನ್ನಿನ ‘ದಿ ಟೈಮ್ಸ್’ನ ವಿಲಿಯಂ ಹೋವರ್ಡ್ ರಸೆಲ್ 1854ರಲ್ಲಿ ಕ್ರೈಮಿಯಾ ಯುದ್ಧಕ್ಕೆ ಹೋದ. ಗಾಯಾಳು ಸೈನಿಕರು ಔಷಧಿಯಿಲ್ಲದೆ ಸಾಯುವುದನ್ನು ಬರೆದು ಸರ್ಕಾರವನ್ನೇ ಅಲ್ಲಾಡಿಸಿದ. 1858ರಲ್ಲಿ ಭಾರತಕ್ಕೂ ಬಂದು ಲಖನೌ ಮರುವಶಪಡಿಸಿಕೊಂಡ ಕಾಲಿನ್ ಕ್ಯಾಂಪ್‌ಬೆಲ್‌ನ ಸೇನೆಯ ಜೊತೆಗಿದ್ದ. ತನ್ನವರೇ ಮಾಡಿದ ಲೂಟಿಯನ್ನೂ ಬರೆದ. ಅಂದಿನಿಂದ ಜನರಲ್‌ಗಳಿಗೆ ಒಂದು ಪಾಠವಾಯಿತು: ವರದಿಗಾರನನ್ನು ದೂರ ಇಟ್ಟರೆ ಊಹೆ ಬರೆಯುತ್ತಾನೆ, ಹತ್ತಿರ ಇಟ್ಟುಕೊಂಡರೆ ಕಂಡದ್ದನ್ನು ಬರೆಯುತ್ತಾನೆ. ಎರಡೂ ಕಷ್ಟ. ಹತ್ತಿರ ಇಟ್ಟುಕೊಂಡು ಹಗ್ಗ ಕೈಯಲ್ಲಿ ಹಿಡಿಯುವುದು ಹೇಗೆ ಎಂಬ ಹುಡುಕಾಟ ಇಂದಿಗೂ ಮುಗಿದಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಅದೊಂದು ಪದ್ಧತಿಯಾಗಿ ಕೂತಿತ್ತು. ವರದಿಗಾರ ಮೊದಲು ಸೇನೆಯಿಂದ ಪರವಾನಗಿ ಪಡೆಯಬೇಕು. ಅಧಿಕಾರಿಗಳ ಸಮವಸ್ತ್ರ ಅವನಿಗೂ ಉಂಟು, ಆದರೆ ಹುದ್ದೆಯ ನಕ್ಷತ್ರಗಳಿಲ್ಲ. ಭುಜದ ಮೇಲೆ ‘ಯುದ್ಧ ವರದಿಗಾರ’ ಎಂಬ ಪಟ್ಟಿ ಮಾತ್ರ. ಕೈಯಲ್ಲಿ ಆಯುಧ ಇರಕೂಡದು. ಸೆರೆ ಸಿಕ್ಕರೆ ಕ್ಯಾಪ್ಟನ್ ದರ್ಜೆಯ ಮರ್ಯಾದೆ. ಜೊತೆಗೊಬ್ಬ ‘ಕಂಡಕ್ಟಿಂಗ್ ಆಫೀಸರ್’: ಜೀಪು, ಊಟ, ಹಾಸಿಗೆ ಒದಗಿಸುವವನೂ ಅವನೇ, ಎಲ್ಲಿಗೆ ಹೋಗಬಾರದೆಂದು ಹೇಳುವವನೂ ಅವನೇ. ಬರೆದದ್ದು ಸೆನ್ಸಾರ್ ಅಧಿಕಾರಿಯ ಮೇಜು ದಾಟಿ, ಅವನ ಪೆನ್ಸಿಲ್ ಮುಟ್ಟಿದ ಮೇಲೆ ತಂತಿಯಲ್ಲಿ ಹೋಗಬೇಕು. ಪಡೆಯ ಹೆಸರು, ಸಂಖ್ಯೆ, ಇರುವ ಜಾಗ ಬರೆಯುವಂತಿಲ್ಲ. ಹೀಗಾಗಿ ಆ ಕಾಲದ ವರದಿಗಳ ನೆತ್ತಿಯ ಮೇಲೆ ‘ಬರ್ಮಾ ಗಡಿಯಲ್ಲೆಲ್ಲೋ’ ಎಂಬಂಥ ಡೇಟ್‌ಲೈನ್‌ಗಳು ಕಾಣುತ್ತವೆ. ಊರೇ ಇಲ್ಲದ ಊರಿನ ಸುದ್ದಿ. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಜಾಗ ಹೇಳಲು ನನಗೆ ಬಿಡಲಿಲ್ಲ ಎಂಬುದನ್ನು ಆ ‘ಎಲ್ಲೋ’ ಹೇಳಿಬಿಡುತ್ತಿತ್ತು.

ಮದ್ರಾಸಿಗೆ ಆ ಯುದ್ಧ ದೂರದ್ದಾಗಿರಲಿಲ್ಲ. 1942ರ ಏಪ್ರಿಲ್‌ನಲ್ಲಿ ಜಪಾನೀಯರು ಬಂದೇ ಬಿಟ್ಟರೆಂದು ಸರ್ಕಾರಿ ಕಚೇರಿಗಳು ಒಳನಾಡಿಗೆ ಗಂಟು ಕಟ್ಟಿದವು, ಬಾಂಬ್ ಬಿದ್ದರೆ ತಪ್ಪಿಸಿಕೊಂಡಾವೆಂದು ಮೃಗಾಲಯದ ಹುಲಿ ಸಿಂಹಗಳನ್ನು ಗುಂಡಿಟ್ಟು ಕೊಂದರು. ಅಂಥ ದಿನಗಳಲ್ಲಿ ‘ದಿ ಹಿಂದೂ’ ತನ್ನದೇ ಯುದ್ಧ ವರದಿಗಾರನನ್ನು ಇಟ್ಟುಕೊಂಡಿತು. ಹೆಸರು ಟಿ. ಜಿ. ನಾರಾಯಣನ್. ಬರ್ಮಾ ರಂಗದಿಂದ, ಆಗ್ನೇಯ ಏಷ್ಯಾದಿಂದ ಬರೆದವರು. ಆದರೆ ಅವರ ಹೆಸರನ್ನು ಇಂದಿಗೂ ಹೇಳುವಂತೆ ಮಾಡಿರುವುದು ಕಾಳಗದ ವರದಿಗಿಂತ 1943ರ ಬಂಗಾಳದ ಬರ. ಯುದ್ಧದ ಹಿಂಬದಿಯಲ್ಲಿ, ಗುಂಡಿನ ಸದ್ದೇ ಕೇಳಿಸದ ಹಳ್ಳಿಗಳಲ್ಲಿ, ಲಕ್ಷಗಟ್ಟಲೆ ಜನ ಅಕ್ಕಿಯಿಲ್ಲದೆ ಸತ್ತರು. ನಾರಾಯಣನ್ ಆ ಜಿಲ್ಲೆಗಳನ್ನು ಸುತ್ತಿ ಬರೆದದ್ದು 1944ರಲ್ಲಿ ‘ಫ್ಯಾಮಿನ್ ಓವರ್ ಬೆಂಗಾಲ್’ ಎಂಬ ಪುಸ್ತಕವಾಯಿತು. ಸೇನೆಯ ಜೀಪು ಅವರನ್ನು ಅಲ್ಲಿಗೆ ಕರೆದೊಯ್ಯುತ್ತಿರಲಿಲ್ಲ. ದೋಣಿಗಳನ್ನೇ ನೆಚ್ಚಿದ ಆ ನಾಡಿನಲ್ಲಿ ಜಪಾನೀಯರ ಕೈಗೆ ಸಿಗದಿರಲೆಂದು ದೋಣಿಗಳನ್ನೇ ಕಿತ್ತುಕೊಂಡದ್ದು ಸೇನೆಯ ಕಾರಣಕ್ಕೆ. ಸೈನಿಕರ ಪಕ್ಕ ನಿಂತವನಿಗೆ ಯುದ್ಧದ ಅರ್ಧ ಕಾಣುತ್ತದೆ, ಮಿಕ್ಕರ್ಧಕ್ಕೆ ಜೀಪಿನಿಂದ ಇಳಿಯಬೇಕು. ನಾರಾಯಣನ್ ಇಳಿದಿದ್ದರು.

ಇನ್ನೊಬ್ಬ ತಮಿಳರ ಕಥೆ ಇದಕ್ಕಿಂತ ವಿಚಿತ್ರ. ಪಿ. ಆರ್. ಎಸ್. ಮಣಿ ಆಕಾಶವಾಣಿಯಲ್ಲಿದ್ದವರು, ಯುದ್ಧಕಾಲದಲ್ಲಿ ಭಾರತೀಯ ಸೇನೆಯ ಪ್ರಚಾರ ವಿಭಾಗದಲ್ಲಿ ಕ್ಯಾಪ್ಟನ್ ಆದರು. ಇಂಥವರನ್ನು ‘ಸೇನಾ ವೀಕ್ಷಕ’ರೆಂದು ಕರೆಯುತ್ತಿದ್ದರು. ಸಿಪಾಯಿಗಳ ಜೊತೆ ಮುಂಚೂಣಿಗೆ ಹೋಗಿ, ಅವರ ಊರಿನ ಪತ್ರಿಕೆಗಳು ಹಾಕಿಕೊಳ್ಳಬಹುದಾದ ಶೌರ್ಯದ ಕಥೆಗಳನ್ನು ಬರೆದು ಕಳಿಸುವುದು ಕೆಲಸ. ಮಣಿ ಬರ್ಮಾ ಯುದ್ಧದಲ್ಲಿ ಅದನ್ನು ಮಾಡಿದರು. 1945ರ ಕೊನೆಯಲ್ಲಿ ಬ್ರಿಟಿಷರು ಭಾರತೀಯ ಪಡೆಗಳನ್ನು ಇಂಡೊನೇಷ್ಯಾದ ಸುರಬಾಯಾಕ್ಕೆ ಇಳಿಸಿದಾಗ ಅವರೂ ಹೋದರು. ಅಲ್ಲಿ ಎದುರಿಗಿದ್ದದ್ದು ಜಪಾನೀಯರಲ್ಲ. ಡಚ್ಚರಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಊರಿನ ಹುಡುಗರು. ಅವರ ಮೇಲೆ ಗುಂಡು ಹಾರಿಸುತ್ತಿದ್ದವರು ಇನ್ನೂ ಸ್ವತಂತ್ರರಾಗದ ಭಾರತದ ಸಿಪಾಯಿಗಳು. ಮಣಿ ಸಮವಸ್ತ್ರ ಬಿಚ್ಚಿಟ್ಟರು. ಮುಂಬೈಯ ‘ಫ್ರೀ ಪ್ರೆಸ್ ಜರ್ನಲ್’ ವರದಿಗಾರರಾಗಿ ಅದೇ ಇಂಡೊನೇಷ್ಯಾದ ಹೋರಾಟವನ್ನು ಬರೆಯತೊಡಗಿದರು. ಆ ಕ್ರಾಂತಿಯ ಬಗ್ಗೆ ಅವರು ಬರೆದ ಪುಸ್ತಕವನ್ನು 1986ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಪ್ರಕಟಿಸಿತು. ಕಣ್ಣು ಅದೇ, ದೇಶ ಅದೇ. ಅಂಗಿ ಬದಲಾದ ಮೇಲೆ ಸುದ್ದಿ ಬೇರೆ.

ಉಪ್ಪಿನ ಋಣ ಎಂಬ ಮಾತು ನಮ್ಮಲ್ಲಿದೆ. ಈ ಕಸುಬಿನ ನಿಜವಾದ ತೊಡಕನ್ನು ಅಷ್ಟು ಚೆನ್ನಾಗಿ ಹೇಳುವ ಬೇರೆ ಮಾತು ನನಗೆ ಗೊತ್ತಿಲ್ಲ. ಸೆನ್ಸಾರಿನ ಪೆನ್ಸಿಲ್ ಹೊರಗಿನದು, ಅದರ ಜೊತೆ ಜಗಳವಾಡಬಹುದು. ಹತ್ತು ದಿನ ಒಂದೇ ಬಂಕರಿನಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದು, ಶೆಲ್ ಬಿದ್ದಾಗ ತನ್ನನ್ನು ನೆಲಕ್ಕೆ ಕೆಡವಿ ಮೇಲೆ ಬಿದ್ದು ಕಾಪಾಡಿದ ಹುಡುಗನ ಬಗ್ಗೆ ಕೆಟ್ಟದ್ದು ಬರೆಯುವುದು ಹೇಗೆ? ‘ಪಡೆ ಮುನ್ನುಗ್ಗಿತು’ ಎಂದು ಬರೆಯುತ್ತಿದ್ದವನು ಮೂರನೇ ದಿನಕ್ಕೆ ‘ನಾವು ಮುನ್ನುಗ್ಗಿದೆವು’ ಎಂದು ಬರೆಯತೊಡಗುತ್ತಾನೆ. ಕೆಲಸದಲ್ಲಿ ಹಳಬರಾದ ಡೆಸ್ಕ್ ಸಂಪಾದಕರು ಕಾಪಿಯಲ್ಲಿ ಮೊದಲು ಹುಡುಕುವುದು ಆ ‘ನಾವು’ ಎಂಬ ಪದವನ್ನೇ.

ಯುದ್ಧ ವರದಿಗಾರಿಕೆ ಎಂದಾಗ ನಮ್ಮವರು ಸಂಜಯನನ್ನು ನೆನೆಯದೆ ಬಿಡುವುದಿಲ್ಲ. ಅವನಿಗೆ ದಿವ್ಯದೃಷ್ಟಿಯ ಟಿ.ವಿ. ಕೊಟ್ಟು ಅರಮನೆಯಲ್ಲಿ ಕೂರಿಸುತ್ತಾರೆ. ಮೂಲ ಮಹಾಭಾರತದಲ್ಲಿ ಸಂಜಯ ರಣರಂಗಕ್ಕೇ ಹೋಗಿದ್ದವನು. ಸಾತ್ಯಕಿಯ ಕೈಗೆ ಸೆರೆ ಸಿಕ್ಕು, ಕೊರಳಿಗೆ ಕತ್ತಿ ಬಂದಾಗ ವ್ಯಾಸರು ಬಂದು ಬಿಡಿಸಬೇಕಾಯಿತು. ನಮ್ಮ ರನ್ನನ ‘ಗದಾಯುದ್ಧ’ದಲ್ಲಂತೂ ಅವನು ದುರ್ಯೋಧನನ ಜೊತೆ ಹೆಣಗಳ ನಡುವೆ ಕಾಲಿಟ್ಟು ನಡೆಯುತ್ತಾನೆ. ಸೋತ ರಾಜನ ಪಕ್ಕದಲ್ಲಿ, ಅವನ ಉಪ್ಪು ತಿಂದವನಾಗಿ, ಅವನ ಗೆಳೆಯರ ಶವಗಳನ್ನು ಅವನೊಂದಿಗೇ ನೋಡುತ್ತ. ದಿವ್ಯದೃಷ್ಟಿಗಿಂತ ಆ ನಡಿಗೆಯೇ ವರದಿಗಾರಿಕೆಗೆ ಹತ್ತಿರ.

ಸಾತ್ಯಕಿಯ ಕೈಗೆ ಸಿಕ್ಕ ಸಂಜಯ ಸೈನಿಕನೋ ಪ್ರಜೆಯೋ? ಅಂತರರಾಷ್ಟ್ರೀಯ ಕಾನೂನು ಇದಕ್ಕೆ ಎರಡು ಬಗೆಯ ಉತ್ತರ ಇಟ್ಟುಕೊಂಡಿದೆ. 1949ರ ಮೂರನೇ ಜಿನೀವಾ ಒಪ್ಪಂದದ 4ನೇ ವಿಧಿಯಂತೆ, ಸೇನೆಯ ಅನುಮತಿ ಪಡೆದು ಅದರೊಂದಿಗೆ ಹೋಗುವ ವರದಿಗಾರ ಸೇನೆಗೆ ಸೇರಿದವನಲ್ಲ, ಆದರೆ ಸೆರೆ ಸಿಕ್ಕರೆ ಯುದ್ಧಕೈದಿಯ ಹಕ್ಕುಗಳು ಅವನಿಗೆ ಸಲ್ಲುತ್ತವೆ. 1977ರ ಹೆಚ್ಚುವರಿ ಒಡಂಬಡಿಕೆಯ 79ನೇ ವಿಧಿಯಂತೆ, ತನ್ನ ಪಾಡಿಗೆ ಯುದ್ಧವಲಯದಲ್ಲಿ ಕೆಲಸ ಮಾಡುವ ಪತ್ರಕರ್ತ ಸಾಮಾನ್ಯ ನಾಗರಿಕ. ಅವನ ಮೇಲೆ ಗುಂಡು ಹಾರಿಸುವುದು ಅಪರಾಧ. ಈ ಎರಡನೆಯದನ್ನು ಭಾರತ ಅನುಮೋದಿಸಿಲ್ಲ. ಯಾವ ವಿಧಿಯಾದರೂ ನೆಲಬಾಂಬಿಗೆ ಓದಲು ಬರುವುದಿಲ್ಲ. 1950ರ ಆಗಸ್ಟ್ 12ರಂದು ಕೊರಿಯಾದ ವೇಗ್ವಾನ್ ಬಳಿ ಒಂದು ಜೀಪು ಸಿಡಿಯಿತು. ಒಳಗಿದ್ದವರು ‘ದಿ ಟೈಮ್ಸ್’ನ ಇಯಾನ್ ಮಾರಿಸನ್, ‘ಡೈಲಿ ಟೆಲಿಗ್ರಾಫ್’ನ ಕ್ರಿಸ್ಟಫರ್ ಬಕ್ಲಿ, ಮತ್ತು ವಿಶ್ವಸಂಸ್ಥೆಯ ಕೊರಿಯಾ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಕರ್ನಲ್ ಎಂ. ಕೆ. ಉಣ್ಣಿ ನಾಯರ್. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಮಲಬಾರಿನ ಪರಳಿಯವರು ಅವರು. ಮಣಿಯವರಂತೆ ಸೇನೆಯ ಪ್ರಚಾರ ವಿಭಾಗದಲ್ಲಿ ವರದಿಗಾರರ ಒಡನಾಟದಲ್ಲೇ ಯುದ್ಧ ಕಳೆದವರು. ಮೂವರೂ ಉಳಿಯಲಿಲ್ಲ. ಡೇಗು ನಗರದಲ್ಲಿ ಉಣ್ಣಿ ನಾಯರ್ ಅವರ ಸ್ಮಾರಕ ಇದೆ. ಆರು ದಶಕ ಕಳೆದ ಮೇಲೆ ಅವರ ಪತ್ನಿಯ ಚಿತಾಭಸ್ಮವನ್ನೂ ಅಲ್ಲೇ ಇಟ್ಟರು.

ಚೆನ್ನೈಗೆ ತನ್ನದೇ ಎನ್ನಬಹುದಾದ ಯುದ್ಧ ಬಂದದ್ದು ಎಂಬತ್ತರ ದಶಕದಲ್ಲಿ, ಪಾಕ್ ಜಲಸಂಧಿಯ ಆಚೆಯ ಶ್ರೀಲಂಕಾದಿಂದ. ಬಂತು ಎನ್ನುವುದೂ ಅರ್ಧ ಸರಿ, ಅದು ಇಲ್ಲೇ ಬಾಡಿಗೆ ಮನೆ ಹಿಡಿದುಕೊಂಡಿತ್ತು. 1982ರ ಮೇ 19ರಂದು ಟಿ. ನಗರದ ಪಾಂಡಿ ಬಜಾರಿನಲ್ಲಿ, ಸೀರೆ ಕೊಳ್ಳಲು ಬಂದ ಜನರ ನಡುವೆ, ಎಲ್‌ಟಿಟಿಇ ‘ಹುಲಿಗಳ’ ನಾಯಕ ವೇಲುಪಿಳ್ಳೈ ಪ್ರಭಾಕರನ್ ಮತ್ತು ಎದುರಾಳಿ ಗುಂಪಿನ ಉಮಾ ಮಹೇಶ್ವರನ್ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದರು. ಮುಂದೆ ಅಡಯಾರ್, ಕೋಡಂಬಾಕ್ಕಂ ಕಡೆಯ ಮನೆಗಳಲ್ಲಿ ಪ್ರತ್ಯೇಕ ತಮಿಳು ಈಳಂಗಾಗಿ ಹೋರಾಡುತ್ತಿದ್ದ ಗುಂಪುಗಳ ಕಚೇರಿಗಳು ತೆರೆದುಕೊಂಡವು. ಮದ್ರಾಸಿನ ವರದಿಗಾರ ಆಟೋ ಹಿಡಿದು ಹೋಗಿ ಯುದ್ಧದ ಒಂದು ಪಕ್ಷವನ್ನು ಮಾತಾಡಿಸಿ ಬರಬಹುದಿತ್ತು. ಸುಲಭವೇ, ಆದರೆ ಅಲ್ಲೊಂದು ಬಲೆ ಇತ್ತು. ಜಾಫ್ನಾದಲ್ಲಿ ನಡೆದದ್ದು ಮದ್ರಾಸ್ ಡೇಟ್‌ಲೈನ್ ಹೊತ್ತು ಅಚ್ಚಾಗತೊಡಗಿತು.

1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದ ಮೇಲೆ ಭಾರತದ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು. ಅದರ ಕೇಂದ್ರ ಕಚೇರಿ ಇದ್ದದ್ದೂ ಮದ್ರಾಸಿನಲ್ಲೇ. ಅಕ್ಟೋಬರ್‌ನಲ್ಲಿ ಅದೇ ಪಡೆ ಹುಲಿಗಳ ಮೇಲೆ ಯುದ್ಧಕ್ಕಿಳಿದಾಗ ಜಾಫ್ನಾದ ಬಾಗಿಲು ಪತ್ರಕರ್ತರಿಗೆ ಮುಚ್ಚಿತು. ಅಲ್ಲಿನ ‘ಈಳಮುರಸು’, ‘ಮುರಸೊಲಿ’ ಎಂಬ ಎರಡು ತಮಿಳು ಪತ್ರಿಕೆಗಳ ಮುದ್ರಣಾಲಯಗಳನ್ನು ನಮ್ಮ ಸೇನೆಯೇ ಸ್ಫೋಟಿಸಿತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ರಾತ್ರಿ ಹೆಲಿಕಾಪ್ಟರಿನಿಂದ ಇಳಿದ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಮಂದಿ ಸತ್ತರು. ಕೆಲವೇ ದಿನಗಳಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ರೋಗಿಗಳು, ದಾದಿಯರು, ವೈದ್ಯರು ಸೇರಿ 60ಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು. ಒಳಗಿನಿಂದ ಹುಲಿಗಳು ಗುಂಡು ಹಾರಿಸಿದ್ದರಿಂದ ಅಡ್ಡ ಸಿಕ್ಕಿ ಸತ್ತರು ಎಂದು ಸೇನೆ ಹೇಳಿತು. ಪ್ರತಿರೋಧವೇ ಇಲ್ಲದಾಗ ಕೊಂದರು ಎಂದು ಬದುಕುಳಿದವರು ಹೇಳಿದರು. ಆ ದಿನಗಳಲ್ಲಿ ಅಲ್ಲಿ ನಿಂತು ನೋಡಿದ ವರದಿಗಾರ ಒಬ್ಬನೂ ಇರಲಿಲ್ಲ. ಆ ಕೆಲಸವನ್ನು ಆಮೇಲೆ ಜಾಫ್ನಾ ವಿಶ್ವವಿದ್ಯಾಲಯದ ನಾಲ್ವರು ಅಧ್ಯಾಪಕರು ‘ದಿ ಬ್ರೋಕನ್ ಪಾಮೈರಾ’ ಪುಸ್ತಕದಲ್ಲಿ ಸಾಕ್ಷಿಗಳ ಮಾತು ಕೂಡಿಸಿ ಮಾಡಿದರು. ಅವರಲ್ಲೊಬ್ಬರಾದ ರಜನಿ ತಿರಣಗಾಮ 1989ರ ಸೆಪ್ಟೆಂಬರ್ 21ರಂದು ಹತ್ಯೆಯಾದರು. ಹುಲಿಗಳ ಕಡೆಯಿಂದಲೂ ನೋಡಿದ ಭಾರತೀಯರಿದ್ದರು. ‘ಇಂಡಿಯಾ ಟುಡೇ’ ಛಾಯಾಗ್ರಾಹಕ ಶ್ಯಾಮ್ ತೆಕ್ವಾನಿ ಅವರ ಜೊತೆ ಓಡಾಡಿ ಚಿತ್ರ ತೆಗೆದರು. ಅದೂ ಒಂದು ಬಗೆಯ ‘ಎಂಬೆಡ್’, ಅಂದರೆ ಪಡೆಯ ಜೊತೆಗೇ ಇದ್ದು ವರದಿ ಮಾಡುವುದು. ಗೆರಿಲ್ಲಾನ ಉಪ್ಪಿಗೂ ಋಣ ಉಂಟು.

ಸುಮಾರು 1,200 ಭಾರತೀಯ ಸೈನಿಕರನ್ನು ಕಳೆದುಕೊಂಡು ಪಡೆಯ ಕೊನೆಯ ತುಕಡಿ 1990ರ ಮಾರ್ಚ್‌ನಲ್ಲಿ ಮದ್ರಾಸ್ ಬಂದರಿಗೆ ಬಂದಿಳಿದಾಗ, ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಎಂಡೆನ್ ಬೆಂಕಿ ಇಟ್ಟ ಅದೇ ಬಂದರು.

ಹತ್ತೊಂಬತ್ತು ವರ್ಷದ ಮೇಲೆ ಆ ಯುದ್ಧ ಮುಗಿದಾಗ ಚೆನ್ನೈಗೆ ಒಂದು ಡೇಟ್‌ಲೈನ್ ಸಿಕ್ಕಿತು. 2009ರ ಮೇ ತಿಂಗಳಲ್ಲಿ ಮುಲ್ಲೈತೀವಿನ ನಂದಿಕಡಲ್ ಹಿನ್ನೀರಿನ ಪಕ್ಕದ ಮರಳುಪಟ್ಟಿಗೆ ಹುಲಿಗಳೂ ಸಾವಿರಾರು ಜನರೂ ಒತ್ತರಿಸಲ್ಪಟ್ಟಿದ್ದರು. ಸ್ವತಂತ್ರ ಪತ್ರಕರ್ತರಿಗೆ ಕೊಲಂಬೊ ಸರ್ಕಾರ ಅಲ್ಲಿಗೆ ಪ್ರವೇಶ ಕೊಟ್ಟಿರಲಿಲ್ಲ, ತಾನು ಆರಿಸಿದವರನ್ನು ಮಾತ್ರ ಸೇನೆ ಕರೆದೊಯ್ಯುತ್ತಿತ್ತು. ‘ದಿ ಹಿಂದೂ’ವಿನ ಕೊಲಂಬೊ ವರದಿಗಾರ ಬಿ. ಮುರಳೀಧರ ರೆಡ್ಡಿ ಹಾಗೆ ಹೋದರು. ಕೊನೆಯ ಸುಮಾರು 70 ಗಂಟೆಗಳನ್ನು ಯುದ್ಧವಲಯದಲ್ಲಿ ಕಳೆದು, ಕಂಡದ್ದನ್ನು ಚೆನ್ನೈನಿಂದ ಹೊರಡುವ ‘ಫ್ರಂಟ್‌ಲೈನ್’ ಪಾಕ್ಷಿಕದಲ್ಲಿ ಬರೆದರು. ಇಂಥ ಪ್ರತ್ಯಕ್ಷ ವರದಿ ಭಾರತದ ಓದುಗರಿಗೆ ಸಿಕ್ಕಿದ್ದು ಅಪರೂಪ. ಆದರೆ ಚೆನ್ನೈ ಆ ದಿನಗಳಲ್ಲಿ ಕುದಿಯುತ್ತಿತ್ತು. ಏಪ್ರಿಲ್ 27ರಂದು ಕರುಣಾನಿಧಿ ಮರೀನಾದ ಅಣ್ಣಾ ಸಮಾಧಿಯ ಬಳಿ ಯುದ್ಧ ನಿಲ್ಲಲೆಂದು ಬೆಳಿಗ್ಗೆ ಉಪವಾಸ ಕೂತು ಮಧ್ಯಾಹ್ನ ಎದ್ದಿದ್ದರು. ಸೇನೆಯ ಜೀಪಿನಿಂದ ಕಂಡದ್ದನ್ನು ನಂಬಲು ಬಹಳ ತಮಿಳರು ಸಿದ್ಧರಿರಲಿಲ್ಲ.

ನನ್ನ ತೀರ್ಪು ಕೇಳಿದರೆ, ರೆಡ್ಡಿ ಹೋದದ್ದು ಸರಿ. ಹೋಗದಿದ್ದರೆ ಆ ಗಂಟೆಗಳ ಒಂದು ಭಾರತೀಯ ದಾಖಲೆ ಇಲ್ಲವಾಗುತ್ತಿತ್ತು. ಆದರೆ ಸೈನ್ಯದ ಹಿಂದೆ ನಿಂತವನಿಗೆ ಗುಂಡು ಎಲ್ಲಿಂದ ಹೊರಟಿತು ಎಂಬುದು ಕಾಣುತ್ತದೆ, ಎಲ್ಲಿ ಬಿತ್ತು ಎಂಬುದು ಕಾಣುವುದಿಲ್ಲ. ಬಿದ್ದ ಕಡೆ ಏನಾಯಿತೆಂಬುದು ಹೊರಬಂದದ್ದು ತಡವಾಗಿ. 2011ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಆ ಕೊನೆಯ ಹಂತದಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದೆಂದಿತು. ಅದೇ ವರ್ಷ ಬ್ರಿಟನ್ನಿನ ಚಾನೆಲ್ 4 ತೋರಿಸಿದ ಸಾಕ್ಷ್ಯಚಿತ್ರದಲ್ಲಿ ಸೈನಿಕರೇ ತಮ್ಮ ಮೊಬೈಲಿನಲ್ಲಿ ಹಿಡಿದ ದೃಶ್ಯಗಳಿದ್ದವು. ಅತ್ಯಂತ ಹತ್ತಿರದ ಎಂಬೆಡ್ ವರದಿಗಾರ ಕೊನೆಗೆ ಸೈನಿಕನ ಜೇಬಿನ ಫೋನೇ ಆಗಿಬಿಟ್ಟಿತು. ಇದೇ ದ್ವೀಪದಲ್ಲಿ 2001ರ ಏಪ್ರಿಲ್‌ನಲ್ಲಿ ‘ಸಂಡೇ ಟೈಮ್ಸ್’ನ ಮೇರಿ ಕಾಲ್ವಿನ್ ಯಾರ ಅನುಮತಿಯೂ ಇಲ್ಲದೆ ಹುಲಿಗಳ ಪ್ರದೇಶಕ್ಕೆ ಹೋಗಿ ಹಿಂದಿರುಗುವಾಗ ಸೇನೆಯ ಸ್ಫೋಟಕಕ್ಕೆ ಸಿಕ್ಕು ಎಡಗಣ್ಣು ಕಳೆದುಕೊಂಡರು. 2012ರಲ್ಲಿ ಸಿರಿಯಾದ ಹೋಮ್ಸ್‌ನಲ್ಲಿ ಜೀವವನ್ನೇ ಕಳೆದುಕೊಂಡರು. ಜೀಪು ಹತ್ತದವರಿಗೆ ಬೀಳುವ ಬೆಲೆ ಅದು.

‘ಎಂಬೆಡ್’ ಎಂಬ ಪದ ಮನೆಮಾತಾದದ್ದು 2003ರ ಇರಾಕ್ ಯುದ್ಧದಲ್ಲಿ. ಅಮೆರಿಕ 600ಕ್ಕೂ ಹೆಚ್ಚು ಪತ್ರಕರ್ತರನ್ನು ತನ್ನ ಪಡೆಗಳೊಳಗೆ ಕೂರಿಸಿಕೊಂಡಿತು. ಮೊದಲೇ ಒಂದು ಕರಾರಿಗೆ ಸಹಿ: ಏನು ಬರೆಯಬಹುದು, ಏನು ಕೂಡದು. ಮುಂದಿನ ನಡೆ ಕೂಡದು, ನಿಖರ ಜಾಗ ಕೂಡದು, ಮನೆಯವರಿಗೆ ತಿಳಿಸುವ ಮುನ್ನ ಸತ್ತವರ ಗುರುತು ಕೂಡದು. ಇವೆಲ್ಲ ನ್ಯಾಯವಾದ ನಿಯಮಗಳೇ. ಯಾರದೋ ಅಮ್ಮ ಮಗನ ಸಾವನ್ನು ಟಿ.ವಿ.ಯಲ್ಲಿ ನೋಡಿ ತಿಳಿಯಬಾರದು. ಫಾಕ್ಸ್ ನ್ಯೂಸ್‌ನ ಜೆರಾಲ್ಡೊ ರಿವೇರಾ ನೇರ ಪ್ರಸಾರದಲ್ಲಿ ಮರಳಿನ ಮೇಲೆ ನಕ್ಷೆ ಗೀಚಿ ಪಡೆ ಎಲ್ಲಿದೆ, ಎತ್ತ ಹೊರಟಿದೆ ಎಂದು ತೋರಿಸಿ ಹೊರಗೆ ಹಾಕಿಸಿಕೊಂಡ. ನಮ್ಮಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ಇಲ್ಲ. ರಕ್ಷಣಾ ಸಚಿವಾಲಯ ಪತ್ರಕರ್ತರಿಗೆ ನಡೆಸುವ ಕೋರ್ಸ್ ಒಂದಿದೆ. ಭೂಸೇನೆ, ನೌಕೆ, ವಾಯುನೆಲೆ, ಗಡಿ ಠಾಣೆ ತೋರಿಸಿ, ರೆಜಿಮೆಂಟಿಗೂ ಬ್ರಿಗೇಡಿಗೂ ವ್ಯತ್ಯಾಸ ಕಲಿಸಿ ಕಳಿಸುತ್ತಾರೆ. ಅದನ್ನು ಮುಗಿಸಿದವರ ಕಾಪಿಯಲ್ಲಿ ಕನಿಷ್ಠ ಟ್ಯಾಂಕನ್ನು ಫಿರಂಗಿ ಎಂದು ಬರೆಯುವ ತಪ್ಪು ಇರುವುದಿಲ್ಲ.

ಕನ್ನಡ ಪತ್ರಿಕೆಗಳ ವಿಷಯಕ್ಕೆ ಬಂದರೆ ಸ್ವಲ್ಪ ನಾಚಿಕೆ. ನಮ್ಮ ಯುದ್ಧದ ಸುದ್ದಿ ಬಹುತೇಕ ಸುದ್ದಿಸಂಸ್ಥೆಗಳ ಇಂಗ್ಲಿಷ್ ಪ್ರತಿಯ ಅನುವಾದ. ಮಡಿಕೇರಿಯಿಂದ, ಬೆಳಗಾವಿಯಿಂದ, ವಿಜಯಪುರದಿಂದ ಹುಡುಗರು ಗಡಿಗೆ ಹೋಗುತ್ತಾರೆ, ಅವರ ಭಾಷೆಯಲ್ಲಿ ಬರೆಯುವವನು ಅಪರೂಪಕ್ಕೆ ಹೋಗುತ್ತಾನೆ. ಆ ಅಪರೂಪಗಳಲ್ಲಿ ಒಂದು, 1999ರಲ್ಲಿ ‘ಹಾಯ್ ಬೆಂಗಳೂರ್!’ ಸಂಪಾದಕ ರವಿ ಬೆಳಗೆರೆ ಕಾರ್ಗಿಲ್‌ಗೆ ಹೋದದ್ದು. ಅವರ ಪುಸ್ತಕದ ಹೆಸರಿನಲ್ಲೇ ಲೆಕ್ಕವಿದೆ: ‘ಕಾರ್ಗಿಲ್‌ನಲ್ಲಿ ಹದಿನೇಳು ದಿನ’. ಎಲ್ಲಿ, ಎಷ್ಟು ದಿನ ಎಂದು ಹೆಸರಿನಲ್ಲೇ ಹೇಳಿಬಿಡುವುದು ಒಳ್ಳೆಯ ಡೇಟ್‌ಲೈನ್. ಅವರ ಬರವಣಿಗೆಯ ಅಬ್ಬರದ ಬಗ್ಗೆ ತಕರಾರಿದ್ದವರೂ ಹೋಗಿಬಂದರು ಎಂಬುದನ್ನು ಅಲ್ಲಗಳೆಯಲಾರರು. 527 ಸೈನಿಕರನ್ನು ಬಲಿ ತೆಗೆದುಕೊಂಡ ಆ ಯುದ್ಧ ಭಾರತದ ಮೊದಲ ಟಿ.ವಿ. ಯುದ್ಧವೂ ಹೌದು, ದ್ರಾಸ್‌ನಲ್ಲಿ ಬೋಫೋರ್ಸ್ ಫಿರಂಗಿ ಗುಡುಗುವುದನ್ನು ದೇಶ ಊಟದ ಹೊತ್ತಿಗೆ ಕಂಡಿತು.

2021ರ ಜುಲೈ 16ರಂದು ರಾಯಿಟರ್ಸ್‌ನ ಭಾರತೀಯ ಛಾಯಾಗ್ರಾಹಕ ದಾನಿಶ್ ಸಿದ್ದಿಕಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಅಫ್ಘನ್ ವಿಶೇಷ ಪಡೆಯ ಜೊತೆಗಿದ್ದಾಗ ತಾಲಿಬಾನ್ ದಾಳಿಯಲ್ಲಿ ಸತ್ತರು. ಹಿಂದಿನ ದಿನಗಳಲ್ಲಿ ಅವರು ತಾವಿದ್ದ ಸೇನಾ ವಾಹನಕ್ಕೆ ರಾಕೆಟ್ ಬಡಿದದ್ದನ್ನೂ, ಹುಲ್ಲಿನ ಮೇಲೆ ಮಲಗಿ ಅರೆಗಳಿಗೆ ಸುಧಾರಿಸಿಕೊಂಡದ್ದನ್ನೂ ತಾವೇ ಹಂಚಿಕೊಂಡಿದ್ದರು. ಯಾರ ವಾಹನದಲ್ಲಿದ್ದೇನೆ ಎಂಬುದನ್ನು ಓದುಗನಿಂದ ಮುಚ್ಚಿಡಲಿಲ್ಲ.

ಇದಕ್ಕೆ ತೀರ ವ್ಯತಿರಿಕ್ತವಾದ ರಾತ್ರಿಯೊಂದನ್ನು ನಾವೆಲ್ಲ ಮನೆಯಲ್ಲಿ ಕೂತು ನೋಡಿದ್ದೇವೆ. 2025ರ ಏಪ್ರಿಲ್ 26ರಂದೇ ಕೇಂದ್ರ ಸರ್ಕಾರ ಸೇನಾ ಕಾರ್ಯಾಚರಣೆಯ ನೇರ ಪ್ರಸಾರ ಬೇಡವೆಂದು ಚಾನೆಲ್‌ಗಳಿಗೆ ಸೂಚಿಸಿತ್ತು. ಮುಂಚೂಣಿಗೆ ಹೋಗುವ ಅವಕಾಶ ಇರಲಿಲ್ಲ, ಹೇಳಲು ಸುದ್ದಿ ಬೇಕಿತ್ತು. ಮೇ 8ರ ರಾತ್ರಿ, ಪಾಕಿಸ್ತಾನದ ವಿರುದ್ಧದ ಆಪರೇಷನ್ ಸಿಂಧೂರದ ಹೊತ್ತಿನಲ್ಲಿ, ಸ್ಟುಡಿಯೊಗಳೇ ರಣರಂಗವಾದವು. ಸೈರನ್ ಸದ್ದು, ಕೆಂಪು ನಕ್ಷೆ, ಕಂಪ್ಯೂಟರಿನಲ್ಲಿ ಮಾಡಿದ ಹಡಗುಗಳು. ನಮ್ಮ ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿತು ಎಂದು ದೇಶದ ಹಲವು ಚಾನೆಲ್‌ಗಳು ಕೂಗಿ ಹೇಳಿದವು. ಆ ಕೂಗಿಗೆ ಡೇಟ್‌ಲೈನ್ ಇರಲಿಲ್ಲ. ಕರಾಚಿಯ ದಡದಲ್ಲಿ ನಿಂತು ಕಂಡವರು ಯಾರೂ ಇರಲಿಲ್ಲ. ನಿಜವಾಗಿ ಗುಂಡು ಬಿದ್ದ ಮದ್ರಾಸ್ ಬಂದರಿನ ನೆನಪಿಗೆ ಒಂದು ಗೋಡೆ, ಒಂದು ತಾರೀಖು ಉಳಿದಿದೆ. ಕರಾಚಿ ಬಂದರಿನಲ್ಲಿ ಮರುದಿನ ಬೆಳಿಗ್ಗೆ ಎಂದಿನಂತೆ ಸರಕು ಇಳಿಸುತ್ತಿದ್ದರು.